ಫೋನಿನಲ್ಲಿ ಹೂಂ ಅಂದದ್ದು

ಬಾಳೆಹೊನ್ನೂರು

ನರಸಿಂಹರಾಜಪುರದ ತಹಶೀಲ್ದಾರ್ ಸಾಹೇಬರಿಗೆ ಕಲ್ಲಮ್ಮನ ನಮಸ್ಕಾರಗಳು.

ವಿದೇಶಿ ಕಂಪನಿಯವರು ಬಿತ್ತನೆ ಶುಂಠಿಯ ಚೀಲಗಳನ್ನು ನಮ್ಮ ಜಗಲಿಯಲ್ಲಿ ಇಳಿಸಿ ಹೋಗಿದ್ದಾರೆ. ದಯವಿಟ್ಟು ವಾಪಸ್ ತೆಗೆಸಿಕೊಡಿ.

ಹೋದ ವರ್ಷ ನಮ್ಮ ಮನೆಯವರು ಇದೇ ಕಂಪನಿಗೆ ಶುಂಠಿ ಬೆಳೆದಿದ್ದರು. ಬೆಳೆ ಹಸಿರಾಗಿದ್ದಾಗ ಅವರನ್ನು ಬದುವಿನ ಮೇಲೆ ನಿಲ್ಲಿಸಿ ಮಾತಾಡಿಸಿ, ದನಿಯನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋದರು. ಕಿತ್ತ ಮೇಲೆ ಗೆಡ್ಡೆ ಸಣ್ಣದೆಂದು ಒಯ್ಯಲೇ ಇಲ್ಲ. ಎಲ್ಲ ಅಂಗಳದಲ್ಲೇ ಕೊಳೆಯಿತು. ಆ ವಾಸನೆ ಹೋಗುವ ಮೊದಲೇ ನಮ್ಮ ಮನೆಯವರು ತೀರಿಹೋದರು.

ಇವರ ದನಿ ಮಾತ್ರ ಇನ್ನೂ ಊರೂರಿನ ಫೋನಿಗೆ ಬರುತ್ತಿದೆ. ನನಗೂ ಬಂತು. ಒಲೆಯ ಮುಂದೆ ಕೂತಿದ್ದೆ.

"ನಾನು ಶಾಂತವೀರಪ್ಪ ಮಾತಾಡ್ತಿರೋದು. ಈ ಸಲ ಕಂಪನಿ ಶುಂಠಿನೇ ಹಾಕನ ಮಾರಾಯ್ರೆ, ಎಂತ ಹೆದ್ರಿಕೆ? ಆಗ್ಬಹುದಾ?"

ನಾನು ಹೂಂ ಅಂದೆ.

ಅದೇ ಒಪ್ಪಿಗೆಯಂತೆ. "ನೀವೇ ಹೂಂ ಅಂದಿದೀರಲ್ಲಮ್ಮ, ರೆಕಾರ್ಡ್ ಆಗಿದೆ" ಎಂದು ಚೀಲ ಇಳಿಸಿದವನು ಹೇಳಿದ. ಜಗಲಿಯಲ್ಲಿ ಮತ್ತೆ ಅದೇ ವಾಸನೆ.

ಕಂಪನಿ ಎಷ್ಟೇ ದೊಡ್ಡದಿರಲಿ, ಒಪ್ಪಿಗೆ ಬೇಕಿದ್ದರೆ ಮನೆಗೆ ಬಂದು ಮುಖ ನೋಡಿ ಕೇಳಬೇಕು, ಬೆಳೆಸಿದ್ದನ್ನು ಒಯ್ಯಲೇಬೇಕು ಎಂದು ಸರ್ಕಾರಕ್ಕೆ ಬರೆದು ಒಂದು ಕಾನೂನು ಮಾಡಿಸಿ. ಸತ್ತವರ ಕೈಲಿ ಕೇಳಿಸಬಾರದು.

ಸಾಹೇಬರೇ, ಆ ಹೂಂ ನಾನು ಕಂಪನಿಗೆ ಅಂದದ್ದಲ್ಲ.

ಉತ್ತರವನ್ನು ಅಂಚೆಯಲ್ಲೇ ಕಳಿಸಿ, ಫೋನ್ ಮಾಡಿಸಬೇಡಿ. ಫೋನು ಬಂದರೆ ಇವರೇ ಎಂದುಕೊಂಡು ಎತ್ತುತ್ತೇನೆ. ಇವರು ಕೇಳಿದರೆ ಮತ್ತೆ ಹೂಂ ಅಂದುಬಿಡುತ್ತೇನೆ.

ಇಂತಿ,
ಕಲ್ಲಮ್ಮ