ನಾಲ್ಕು ಗಂಟೆಯ ಹೆಲಿಕಾಪ್ಟರ್

ಪಂಪ್ ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ತಮ್ಮಾ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಬಲಮಂಡಿಯ ಊತ ಇಳಿಯಿತೇ? ಬೆಳಿಗ್ಗೆ ಎದ್ದ ಕೂಡಲೇ ಬರುವ ಹುಳಿತೇಗು ನಿಂತಿತೇ? ನಿಂತಿರುವುದಿಲ್ಲ ಬಿಡು, ಹೊತ್ತಿಗೆ ಸರಿಯಾಗಿ ಉಣ್ಣುವ ಆಸಾಮಿಯಲ್ಲ ನೀನು. ನನಗೆ ಎಡಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು, ಅರವತ್ತೆಂಟು ವರ್ಷ ನೋಡಿದ್ದೇ ಸಾಕು ಎಂದು ಎದ್ದು ಬಂದೆ. ಅಕ್ಷರ ಸೊಟ್ಟಗಿದ್ದರೆ ಅದು ಕಣ್ಣಿನ ತಪ್ಪು, ಕಾಗುಣಿತ ಕೆಟ್ಟಿದ್ದರೆ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ತಪ್ಪು. ನಗಬೇಡ. ಒಂಬತ್ತು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲನೇ ಕಾಗದ ಇದು. ನೀನು ಬರೆದದ್ದು ಒಂದೂ ಇಲ್ಲ, ಆ ಲೆಕ್ಕದಲ್ಲಿ ನಿನಗಿಂತ ನಾನೇ ಮುಂದೆ. ಲಕೋಟೆಯಲ್ಲಿ ಹತ್ತಿಯಲ್ಲಿ ಸುತ್ತಿದ ಸಣ್ಣದೊಂದು ವಸ್ತು ಇದೆ. ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು. ಚಿಕ್ಕಂದಿನಿಂದ ನಿನಗೆ ಎಲ್ಲದಕ್ಕೂ ಅವಸರ, ಅದಕ್ಕೇ ಹೇಳಿದೆ.

ನಿನ್ನ ಸುದ್ದಿಯನ್ನೆಲ್ಲ ಹೇಳುವವನು ಕುಂಡ ಸಾಗಿಸುವ ಲಾರಿ ಡ್ರೈವರ್. ನೀನು ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬುತ್ತೀಯಂತೆ. ಇರಲಿ, ದುಡಿದು ತಿನ್ನುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಗಿಡಕ್ಕೆ ನೀರು ಬಿಡುವ ಪಂಪಿನ ಸ್ವಿಚ್ಚನ್ನೂ ಬೇರೆಯವರ ಕೈಯಿಂದ ಒತ್ತಿಸುತ್ತೀಯಂತೆ. ಕೈಗೆ ಗಡಿಯಾರ ಕಟ್ಟುವುದಿಲ್ಲವಂತೆ. ಒಂದು ಸ್ಕ್ರೂ ತಿರುಗಿಸಿ ಕೊಡು ಎಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೀಯಂತೆ. ಅವನು ಅದನ್ನು ನಗುನಗುತ್ತಾ ಹೇಳಿದ, ನಾನು ಅವನಿಗೆ ಬಾಯಿಗೆ ಬಂದಂತೆ ಬೈದು ಕಳಿಸಿದೆ. ಪೇಟೆಯ ಗಡಿಯಾರಗಳ ಹೊಟ್ಟೆಯನ್ನೆಲ್ಲ ಬಿಚ್ಚಿ ಗುಣ ಮಾಡುತ್ತಿದ್ದ ಕೈ ಅದು. ಆ ದಿನ ನನಗೆ ಊಟ ಸೇರಲಿಲ್ಲ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಈಗ ನನ್ನ ಜೊತೆಗೇ ಇದ್ದಾಳೆ. ಅಂಗಡಿಯ ಮುಂದಿನ ಅರ್ಧದಲ್ಲಿ ಭಾವನ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾಳೆ, ಹಿಂದಿನ ಅರ್ಧದಲ್ಲಿ ನಾನು ಪಂಪು ಬಿಚ್ಚುತ್ತೇನೆ. ಗ್ರೀಸು ಮೆತ್ತಿದ ಕೈಯಲ್ಲಿ ಗಿರಾಕಿಗಳ ಬಟ್ಟೆ ಮುಟ್ಟಿದರೆ ಕತ್ತರಿ ತೋರಿಸುತ್ತಾಳೆ. ಭಾವನ ಇಂಚುಪಟ್ಟಿಯನ್ನು ಅವನ ಹಾಗೆಯೇ ಕೊರಳಿಗೆ ಹಾಕಿಕೊಂಡು ಓಡಾಡುತ್ತಾಳೆ, ಅದರ ಮೇಲಿನ ಅಂಕಿಗಳು ಅಳಿಸಿಹೋಗಿವೆ, ಆದರೂ ಹೊಸದು ಕೊಳ್ಳುವುದಿಲ್ಲ. ಅಂದಾಜಿನ ಮೇಲೇ ಹೊಲಿಯುತ್ತಾಳೆ, ಅಳತೆ ತಪ್ಪುವುದಿಲ್ಲ.

ಆ ಭಾನುವಾರದ ವಿಷಯ ಎತ್ತಬಾರದು ಎಂದುಕೊಂಡಿದ್ದೆ, ಎತ್ತದೆ ಮುಂದಕ್ಕೆ ಬರೆಯಲು ಆಗುತ್ತಿಲ್ಲ. ಮುಚ್ಚಿದ ಇಟ್ಟಿಗೆ ಭಟ್ಟಿಯ ಹಿಂದಿನ ಬಯಲು, ಮಧ್ಯಾಹ್ನ ನಾಲ್ಕು ಗಂಟೆ. ನೀನು ಸುಣ್ಣದ ಗೆರೆ ಎಳೆದು, ಮೂವತ್ತು ಹೆಜ್ಜೆ ಎಣಿಸಿ, ಎಲ್ಲರನ್ನೂ ಗೆರೆಯ ಆಚೆಗೇ ನಿಲ್ಲಿಸಿದ್ದೆ. ಒಬ್ಬರೂ ಗೆರೆ ದಾಟಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ರೇಡಿಯೋ ಪೆಟ್ಟಿಗೆಯಿಂದ ಹಾರಿಸುವ ನಿನ್ನ ಆ ದೊಡ್ಡ ಆಟದ ಹೆಲಿಕಾಪ್ಟರಿನ ಒಂದೊಂದು ರೆಕ್ಕೆಯೂ ನನ್ನ ಚಾಚಿದ ತೋಳಿನಷ್ಟು ಉದ್ದ. ಭಾವ ಅದನ್ನು ತನ್ನ ಎರಡನೇ ಹೊಲಿಗೆ ಯಂತ್ರ ಅನ್ನುತ್ತಿದ್ದ. "ನೋಡೇ, ನಿನ್ನ ತಮ್ಮ ಗಾಳಿಗೆ ಹೊಲಿಗೆ ಹಾಕ್ತಿದಾನೆ" ಎಂದು ನಿನ್ನ ಅಕ್ಕನಿಗೆ ತೋರಿಸುತ್ತಿದ್ದ. ಅವತ್ತೂ ಅದನ್ನೇ ಹೇಳುತ್ತಿದ್ದ. ಅದು ಆಳೆತ್ತರಕ್ಕೆ ಏರಿ ನಿಂತಿತ್ತು, ಆಗ ಒಂದು ರೆಕ್ಕೆ ಕಳಚಿ ಭಾವನ ಮೇಲೇ ಬಂತು. ಭಾವ ಬಿದ್ದಾಗಲೂ ಮುಖದಲ್ಲಿ ನಗು ಹಾಗೇ ಇತ್ತು. ನಾವೆಲ್ಲ ಅವನ ಕಡೆ ಓಡಿದೆವು, ನೀನು ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆ ಬಿಸಾಡಿ ಓಡಿ ಬಂದೆ. ಮುರಿದು ಬಿದ್ದ ಹೆಲಿಕಾಪ್ಟರ್ ಮಾತ್ರ ನೆಲದ ಮೇಲೆ ಕಿರುಚುತ್ತಲೇ ಇತ್ತು. ಯಾರೂ ಅದನ್ನು ನಿಲ್ಲಿಸಲಿಲ್ಲ. ಟ್ಯಾಂಕಿನ ಎಣ್ಣೆ ಮುಗಿದ ಮೇಲೆ ತಾನೇ ನಿಂತಿತು, ಅಷ್ಟರಲ್ಲಿ ಭಾವನೂ ಮುಗಿದಿದ್ದ.

ನಿನ್ನ ಪದ್ಧತಿ ನನಗೆ ಗೊತ್ತಿತ್ತು. ಪ್ರತಿ ನಟ್ಟನ್ನೂ ಬಿಗಿದ ಮೇಲೆ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಕೆಂಪು ಚುಕ್ಕೆ ಇಡುತ್ತಿದ್ದೆ. ಹಾರಿಸುವ ಮೊದಲು ಚುಕ್ಕೆಗಳನ್ನು ನೋಡುತ್ತಿದ್ದೆ, ಚುಕ್ಕೆ ಒಡೆದಿಲ್ಲ ಅಂದರೆ ನಟ್ಟು ಅಲುಗಿಲ್ಲ. ಪೊಲೀಸರಿಗೂ ನೀನು ಅದನ್ನೇ ಹೇಳಿದೆ. "ಚುಕ್ಕೆ ಇತ್ತು ಸಾರ್, ಕಣ್ಣಾರೆ ನೋಡಿದೀನಿ. ಬಿಗಿ ಮಾಡಿದ್ದು ಮಾತ್ರ ನೆನಪಿಗೆ ಬರ್ತಿಲ್ಲ." ಅವರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ನಿನ್ನ ಅಕ್ಕ ಒಂದೇ ಒಂದು ಮಾತು ಕೇಳಿದಳು, "ಒಂದು ನಟ್ಟು ಬಿಗಿ ಮಾಡೋಕೂ ಆಗ್ಲಿಲ್ವೇನೋ ನಿನಗೆ?" ನೀನು ತಲೆ ಎತ್ತಲಿಲ್ಲ. ತಿಂಗಳೊಳಗೆ ಗಡಿಯಾರದ ಅಂಗಡಿಗೆ ಬೀಗ ಹಾಕಿ ಹೊರಟೆ. ನಾನು ಬಾಗಿಲಲ್ಲಿ ನಿಂತು, ಹೋಗೋನು ಹೋಗ್ಲಿ ಬಿಡಿ ಅಂದೆ. ಅದು ನಿನ್ನ ಕಿವಿಗೆ ಬಿದ್ದಿತ್ತು ಎಂದು ಡ್ರೈವರ್ ಹೇಳಿದ.

ಈಗ ಈಚಿನ ಸುದ್ದಿ. ಹೋದ ತಿಂಗಳು ನಿನ್ನ ಅಕ್ಕ ಇನ್ನೊಂದು ಯಂತ್ರ ಹಾಕುತ್ತೇನೆ, ಜಾಗ ಬೇಕು ಅಂದಳು. ಅಪ್ಪನ ಕಾಲದ ಆ ಕಬ್ಬಿಣದ ಬೆಂಚನ್ನು ಹಿಂದಿನ ಗೋಡೆಗೆ ಸರಿಸಿದೆ. ನಾಲ್ಕು ಜನ ಬೇಕಾಯಿತು. ಅದರ ಅಡಿಯಲ್ಲಿ ಇಲಿಗೂಡು, ಮುರಿದ ಬ್ಲೇಡು, ಅಪ್ಪನ ಒಂದು ಗುಂಡಿ, ಇನ್ನೂ ಏನೇನೋ ಸಿಕ್ಕಿದವು. ಆ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಮೇಲಿನಿಂದ ಶಬ್ದ ಬಂತು. ಅದೇ ಶಬ್ದ. ಮೊದಲು ಕೆಮ್ಮಿದಂತೆ, ಆಮೇಲೆ ಕಿರುಚಿದಂತೆ. ಯಾರೋ ಹುಲ್ಲು ಕತ್ತರಿಸುವ ಯಂತ್ರ ಹಚ್ಚಿದ್ದಾರೆ ಎಂದುಕೊಂಡೆ. ಮಾರನೇ ದಿನವೂ ನಾಲ್ಕಕ್ಕೇ ಬಂತು. ಮೂರನೇ ದಿನ ಬೀದಿಯ ಕೊನೆಯವರೆಗೆ ಹೋಗಿ ಹುಡುಕಿದೆ, ಪಾರ್ಕಿನ ಮಾಲಿಯ ಹತ್ತಿರ ಜಗಳ ಆಡಿದೆ. ಪಾಪ, ಅವನ ಕೈಯಲ್ಲಿ ಇದ್ದದ್ದು ಬರೀ ಪೊರಕೆ. ವಾಪಸು ಬಂದರೆ ನನ್ನ ಕೋಣೆಯ ತುಂಬ ಆ ಎಣ್ಣೆ ಸುಟ್ಟ ಸಿಹಿ ವಾಸನೆ. ನಾನು ದೆವ್ವಗಿವ್ವ ನಂಬುವವನಲ್ಲ, ನಿನಗೇ ಗೊತ್ತು. ಅಮ್ಮ ಸತ್ತ ಮೂರನೇ ದಿನ ಅವಳ ಮಂಚದ ಮೇಲೇ ಮಲಗಿದವನು ನಾನು. ಆದರೆ ಈ ಶಬ್ದಕ್ಕೆ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತೇನೆ. ಎಂಟು ನಿಮಿಷ ಇರುತ್ತದೆ. ಆಮೇಲೆ ತಾನೇ ನಿಲ್ಲುತ್ತದೆ, ಎಣ್ಣೆ ಮುಗಿದಂತೆ.

ಒಂದು ದಿನ ನಾಲ್ಕಕ್ಕೆ ಸರಿಯಾಗಿ ಮುಂದಿನ ಕೋಣೆಗೆ ಹೋದೆ. ನಿನ್ನ ಅಕ್ಕ ಯಂತ್ರ ನಿಲ್ಲಿಸಿ, ಕಾಲನ್ನು ಪೆಡಲಿನ ಮೇಲೇ ಇಟ್ಟುಕೊಂಡು, ಸೂರು ನೋಡುತ್ತಾ ಕೂತಿದ್ದಳು. ನನ್ನ ಮುಖ ನೋಡಿದಳು. "ಅಣ್ಣಾ, ನಿನಗೂ ಕೇಳಿಸ್ತಾ?" ಅಂದಳು. ಅವಳಿಗೆ ಒಂಬತ್ತು ವರ್ಷದಿಂದಲೂ ಕೇಳುತ್ತಿದೆಯಂತೆ, ದಿನ ತಪ್ಪದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತೀಯ ಎಂದು ನನಗೂ ಹೇಳಿರಲಿಲ್ಲ, ಹೇಳಿದ್ದರೆ ಹಾಗೇ ಅನ್ನುತ್ತಿದ್ದೆ. ಅದನ್ನು ಯಾರೂ ನಿಲ್ಲಿಸಲಿಲ್ಲ, ಅದಕ್ಕೇ ಅದು ನಿಂತಿಲ್ಲ ಎನ್ನುವುದು ಅವಳ ತರ್ಕ. ನಾನು ಗದರಿದೆ. ಅವಳು ಗದರಿಕೆಗೆ ಬಗ್ಗುವವಳೇ? "ಅಂಥದ್ದೇ ಒಂದು ತಗೋ. ಚಿಕ್ಕೋನನ್ನ ಕರೆಸು. ಅವನ ಕೈಯಲ್ಲೇ ಅದು ಮೇಲಕ್ಕೆ ಹೋಗಿ, ಸರಿಯಾಗಿ ಕೆಳಗಿಳಿದು, ಅವನೇ ಅದನ್ನ ನಿಲ್ಲಿಸ್ಬೇಕು. ನಾನು ಕಣ್ಣಲ್ಲಿ ನೋಡ್ಬೇಕು. ಆಮೇಲೆ ನನ್ನ ಕಿವಿ ಸುಮ್ಮನಾಗುತ್ತೆ." ಒಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ ನಿನ್ನ ಹೆಸರಾಗಲಿ ಚಿಕ್ಕೋನು ಅನ್ನುವ ಮಾತಾಗಲಿ ಬಂದದ್ದು ಅದೇ ಮೊದಲು.

ಸರಿ, ಇಬ್ಬರೂ ಬಸ್ಸು ಹತ್ತಿ ಆಟದ ವಿಮಾನ ಮಾರುವ ಅಂಗಡಿಗೆ ಹೋದೆವು. ಅಂಗಡಿಯವಳು ಕನ್ನಡಕಕ್ಕೆ ದಾರ ಕಟ್ಟಿಕೊಂಡ ನಡುವಯಸ್ಸಿನ ಹೆಂಗಸು, ಕೈಬೆರಳಲ್ಲಿ ನಿನ್ನ ಹಾಗೆಯೇ ಗೀರುಗಳು. ನಮ್ಮಿಬ್ಬರ ನರೆತ ತಲೆ ನೋಡಿ, ಮೊಮ್ಮಕ್ಕಳಿಗಾ ಎಂದು ಕೇಳಿದಳು. ಮೊದಲು ಬ್ಯಾಟರಿಯದನ್ನು ತೋರಿಸಿದಳು. "ಇದು ತಗೊಳ್ಳಿ ತಾತ, ಹೊಗೆ ಇಲ್ಲ, ಶಬ್ದ ಇಲ್ಲ." ನಿನ್ನ ಅಕ್ಕ, "ಶಬ್ದ ಇಲ್ಲದ್ದು ನಮಗೆ ಬೇಡಮ್ಮಾ" ಅಂದಳು. ಆಮೇಲೆ ನೈಟ್ರೋ ಎಣ್ಣೆಯಲ್ಲಿ ಓಡುವ ಸಣ್ಣದು, ನಡುವಿನದು ತಂದಿಟ್ಟಳು. ಕಲಿಯುವವರಿಗೆ ಇದೇ ಸಾಕು, ದೊಡ್ಡದು ಕೈಗೆ ಸಿಗುವುದಿಲ್ಲ ಎಂದು ಹೇಳಿದಳು. ದೊಡ್ಡದೇ ಬೇಕು ಎಂದೆ. ಮೇಲಿನ ಹಲಗೆಯಿಂದ ಎರಡು ಇಳಿಸಿದಳು. ಇಳಿಸುವಾಗ ಒಂದರ ರೆಕ್ಕೆ ನಿನ್ನ ಅಕ್ಕನ ತೋಳಿಗೆ ಸವರಿತು. ಅವಳು ಹಿಂದೆ ಸರಿಯಲಿಲ್ಲ. ರೆಕ್ಕೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಬಟ್ಟೆಯ ಅಂಚು ನೋಡುವ ಹಾಗೆ ಹೆಬ್ಬೆರಳಿನಿಂದ ತುದಿಯವರೆಗೂ ಸವರಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಆರಿಸುವುದು ನನ್ನಿಂದ ಆಗಲಿಲ್ಲ, ಅದಕ್ಕೇ ಈ ಕಾಗದ. ಒಂದು ಹೊಸ ಮಾದರಿ. ಅದರ ತಲೆಯಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿ ಇದೆ, ಗಾಳಿ ತಳ್ಳಿದರೂ ತಾನೇ ತೂಕ ಸರಿಮಾಡಿಕೊಳ್ಳುತ್ತದಂತೆ. ನನಗೆ ಸ್ವಂತ ಬುದ್ಧಿಯಿರುವ ಯಂತ್ರದ ಮೇಲೆ ನಂಬಿಕೆಯಿಲ್ಲ. ಇನ್ನೊಂದು ಹಳೆಯ ಮಾದರಿ, ನಿನ್ನದರ ಹಾಗೆ ರೆಕ್ಕೆಯ ಮೇಲೆ ಅಡ್ಡ ಕಡ್ಡಿ ಇರುವುದು. ಯಾರೋ ಗಿರಾಕಿ ಎರಡು ಸಲ ಹಾರಿಸಿ ವಾಪಸು ಕೊಟ್ಟದ್ದು. ಎರಡರ ಬೇರಿಂಗಿಗೂ ಕಿವಿ ಕೊಟ್ಟು ತಿರುಗಿಸಿ ನೋಡಿದೆ, ಅಷ್ಟು ಮಾತ್ರ ನನಗೆ ಬರುವ ವಿದ್ಯೆ. ಹೊಸದರಲ್ಲಿ ಸದ್ದೇ ಇಲ್ಲ. ಹಳೆಯದರಲ್ಲಿ ಬೆಕ್ಕು ನಿದ್ದೆಯಲ್ಲಿ ಗುರುಗುಟ್ಟುವಷ್ಟು ಸದ್ದು ಇದೆ, ಬೇರಿಂಗ್ ಬದಲಿಸಿದರೆ ಹೋಗುತ್ತದೆ. ನಿನ್ನ ಅಕ್ಕನಿಗೆ ಹಳೆಯದರ ಮೇಲೆ ಮನಸ್ಸು. ಕೈ ಬಿಟ್ಟು ಎಷ್ಟೋ ವರ್ಷವಾದವನಿಗೆ ಹೊಸದೇ ವಾಸಿ ಎಂದು ಅಂಗಡಿಯವಳ ಮಾತು. ತಿಂಗಳ ಕೊನೆಯವರೆಗೆ ಎರಡನ್ನೂ ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದಾಳೆ. ಯಾವುದು ಎಂದು ನೀನು ಹೇಳಬೇಕು.

ಇನ್ನೊಂದು ನಡೆಯಿತು. ಹಳೆಯದರ ರೆಕ್ಕೆ ಬಿಚ್ಚಿ ಪೆಟ್ಟಿಗೆಗೆ ಹಾಕುವಾಗ ಅಂಗಡಿಯವಳು ಅದರ ಎರಡು ನಟ್ಟುಗಳನ್ನು ಕಸದ ಬುಟ್ಟಿಗೆ ಎಸೆದಳು. ಚೆನ್ನಾಗಿಯೇ ಇದ್ದವಲ್ಲ ಎಂದು ಕೇಳಿದೆ. "ಇವು ಲಾಕ್‌ನಟ್ಟು ತಾತ. ಒಳಗಿರೋ ಪ್ಲಾಸ್ಟಿಕ್ ಬಳೆ ಒಂದು ಸಲ ಕಚ್ಚುತ್ತೆ ಅಷ್ಟೇ. ಬಿಚ್ಚಿದ್ದನ್ನ ಮತ್ತೆ ಹಾಕಿದ್ರೆ ನೋಡೋಕೆ ಬಿಗಿ, ಅದುರಿದ್ರೆ ಸಡಿಲ" ಅಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಐವತ್ತು ವರ್ಷದಿಂದ ಪಂಪು ಬಿಚ್ಚುತ್ತಿದ್ದೇನೆ, ಒಂದು ನಟ್ಟನ್ನೂ ಬಿಸಾಡಿದವನಲ್ಲ, ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಗೆ ಹಾಕಿಟ್ಟು ಮತ್ತೆ ಹಾಕುತ್ತೇನೆ, ಯಾವ ಪಂಪೂ ಕಳಚಿ ಬಿದ್ದಿಲ್ಲ, ನೀನು ನನಗೆ ಕಲಿಸಬೇಡ ಎಂದು ಕೂಗಾಡಿದೆ. ಅವಳು ಬೆದರಿದಳು. ನಿನ್ನ ಅಕ್ಕ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು.

ಕಾಗದ ಉದ್ದವಾಯಿತು, ಕಣ್ಣು ನೀರು ಸುರಿಸುತ್ತಿದೆ, ಪೊರೆಯಿಂದ. ನೀನು ಬಂದರೆ ನಿನ್ನ ಹಳೆಯ ಕೋಣೆ ಖಾಲಿ ಇದೆ. ಅಲ್ಲಿ ಪಂಪಿನ ಪೈಪು ತುಂಬಿದ್ದೆ, ತೆಗೆಸಿದ್ದೇನೆ. ಬಂದವನೇ ನನ್ನ ಕಾಲಿಗೆ ಬೀಳಲು ಬರಬೇಡ, ನಾನು ಅದಕ್ಕೆ ಯೋಗ್ಯನಲ್ಲ. ಮಂಡಿಗೆ ಬಿಸಿನೀರಿನ ಶಾಖ ಕೊಡು. ಹೊತ್ತು ಹೊತ್ತಿಗೆ ತಿನ್ನು. ನೀನಿರುವಲ್ಲಿ ನಿನಗೆ ಒಳ್ಳೆಯದಾಗಲಿ, ನಿನ್ನ ಕೈ ನಿನಗೆ ಮರಳಿ ಸಿಗಲಿ. ಬೈದು ಬೆಳೆಸಿದ ಬಾಯಿಂದ ಬರುವ ಹರಕೆ ಇಷ್ಟೇ.

ನಿನ್ನ,
ಅಣ್ಣ

ತಾ. ಕ. ಈಗ ಹತ್ತಿ ಬಿಚ್ಚು. ಬೆಂಚಿನ ಅಡಿಯಲ್ಲಿ ಸಿಕ್ಕಿದ್ದು ಇದು. ನೀನು ಹಾಕಿದ್ದ ಹೊಸ ನಟ್ಟು. ನಿನ್ನ ಕೆಂಪು ಬಣ್ಣ ಅರ್ಧ ಇನ್ನೂ ಇದೆ ನೋಡು. ಆ ಭಾನುವಾರ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಬೆಂಚಿನ ಮೇಲಿದ್ದ ಹೆಲಿಕಾಪ್ಟರಿನ ರೆಕ್ಕೆ ಅಲ್ಲಾಡಿಸಿ ನೋಡಿದೆ, ಬಿಗಿ ಜಾಸ್ತಿ ಅನ್ನಿಸಿತು, ಬಿಚ್ಚಿದೆ. ಕೈಜಾರಿ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ನನ್ನ ಡಬ್ಬಿಯಿಂದ ಅದೇ ಅಳತೆಯ ಹಳೆಯದನ್ನು ತೆಗೆದು ಹಾಕಿದೆ. ಮುಟ್ಟಿದ್ದಕ್ಕೆ ನೀನು ಕೂಗಾಡುತ್ತೀಯ ಎಂದು ಪಂಪಿಗೆ ಬಳಿಯುವ ಬಣ್ಣದಲ್ಲಿ ಚುಕ್ಕೆಯನ್ನೂ ಇಟ್ಟೆ. ನೀನು ನೋಡಿದ ಚುಕ್ಕೆ ನಿನ್ನದಲ್ಲ. ನೀನು ಬಿಗಿ ಮಾಡಿದ್ದೆ. ಪೊಲೀಸರ ಮುಂದೆ ನೀನು ತಲೆ ತಗ್ಗಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಲಕೋಟೆಗೆ ಅಂಟು ಹಾಕಿಲ್ಲ. ಹೀಗೇ ನಿನ್ನ ಅಕ್ಕನ ಕೈಗೆ ಕೊಟ್ಟು, ಓದಿ ಅಂಚೆಗೆ ಹಾಕು ಅನ್ನುತ್ತೇನೆ. ಇದು ನಿನಗೆ ಮುಟ್ಟಿದರೆ, ಓದಿದ ಮೇಲೂ ಹಾಕಿದ್ದಾಳೆ ಎಂದು ತಿಳಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ನಾಲ್ಕು ಗಂಟೆ.