ಪಾಕ ಬಂದ ತಟ್ಟೆ

ಆಸ್ಪತ್ರೆಯ ಪ್ರಯೋಗಾಲಯ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಕು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ಇದು ವಾಡಿಕೆಗೆ ಕೇಳುತ್ತಿರುವ ಮಾತಲ್ಲ. ಮೈ ಬಿಸಿಯಾಗಿದೆಯಾ, ಚಳಿ ಬಂದು ನಡುಗಿದೆಯಾ, ಕೆಮ್ಮಿದರೆ ಪಕ್ಕೆ ಹಿಡಿಯುತ್ತದೆಯಾ, ಒಂದೊಂದಕ್ಕೂ ನನಗೆ ಬೇರೆ ಬೇರೆ ಉತ್ತರ ಬೇಕು. ಬೆಳಗಿನಿಂದ ನಿಮ್ಮ ಶೆಡ್ಡಿನ ಫೋನಿಗೆ ಆರು ಸಲ ಮಾಡಿದೆ. ಎರಡು ಸಲ ನಿಮ್ಮ ಮೇಸ್ತ್ರಿ ಎತ್ತಿಕೊಂಡು, ನೀನು ಟ್ಯಾಂಕಿನ ಮೇಲೆ ವೆಲ್ಡಿಂಗ್ ಮಾಡುತ್ತಿದ್ದೀಯೆಂದೂ ಇಳಿದ ಮೇಲೆ ಹೇಳುತ್ತೇನೆಂದೂ ಗೊಣಗಿ ಇಟ್ಟುಬಿಟ್ಟ. ಆ ಮನುಷ್ಯನ ‘ಹೇಳ್ತೀನಿ’ಯನ್ನು ಎಷ್ಟು ನಂಬಬಹುದೆಂದು ನೀನೇ ಬರೆದಿದ್ದೀಯಲ್ಲ. ಅದಕ್ಕೇ ಈ ಕಾಗದ. ನಿಮ್ಮ ಕಡೆಗೆ ದಿನಸಿ ಒಯ್ಯುವ ಲಾರಿ ಮೂರು ಗಂಟೆಗೆ ನಮ್ಮ ಗೇಟಿನ ಮುಂದೆ ಹಾದುಹೋಗುತ್ತದೆ. ನಿನ್ನ ಕೈಗೇ ಕೊಡಬೇಕೆಂದು ಚಾಲಕನಿಗೆ ಹೇಳಿ ಇಟ್ಟಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಈ ವಾರ ಗಂಜಿ ಹೆಚ್ಚಾಗಿ ಡಾಕ್ಟರರ ಕೋಟುಗಳೆಲ್ಲ ತಗಡಿನ ಹಾಗೆ ನೆಟ್ಟಗೆ ನಿಂತಿದ್ದವು. ಒಬ್ಬರು ತೋಳು ಮಡಚಲಾಗದೆ ದೂರು ಕೊಟ್ಟರಂತೆ. ನಿನಗೆ ನೆನಪಿದೆಯಾ, ಆಪರೇಷನ್ ಆಗಿ ನೀನು ವಾರ್ಡಿನಲ್ಲಿ ಬೇಜಾರು ಬೇಜಾರು ಎಂದು ನನ್ನ ತಲೆ ತಿನ್ನುತ್ತಿದ್ದಾಗ ನಾನು ಪಾಠ ಮಾಡಿದ್ದು? ಗಂಜಿ, ಹತ್ತಿ, ಮರ, ಉಪವಾಸಕ್ಕೆಂದು ಪಿತ್ತಕೋಶದ ಪಕ್ಕದ ಯಕೃತ್ತು ಕೂಡಿಡುವ ಪಿಷ್ಟ, ಎಲ್ಲವೂ ಸಕ್ಕರೆಯ ಕಣಗಳನ್ನು ಉದ್ದಕ್ಕೆ ಪೋಣಿಸಿದ ಸರಗಳೇ. ಪೋಣಿಸುವ ರೀತಿ ಬೇರೆ, ಅಷ್ಟೆ ಎಂದಿದ್ದೆ. “ಹಾಗಾದ್ರೆ ನಮ್ಮಮ್ಮ ದಿನಾ ಸಕ್ಕರೆಗೆ ಸಕ್ಕರೆ ಬಳೀತಾಳೆ ಅನ್ನು” ಎಂದೆ ನೀನು. ಅಮ್ಮ ಅದನ್ನು ಲಾಂಡ್ರಿಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾಳೆ.

ಆ ದಿನ ಪಾಠದ ಉಳಿದರ್ಧ ಹೇಳಿರಲಿಲ್ಲ, ಹೆದರುತ್ತೀಯೆಂದು. ಕೆಲವು ಬ್ಯಾಕ್ಟೀರಿಯಾಗಳೂ ಇಂಥದ್ದೇ ಸರ ಪೋಣಿಸುತ್ತವೆ, ಕೂಡಿಡುವುದಕ್ಕಲ್ಲ, ಮೈಮೇಲೆ ಹೊದ್ದುಕೊಳ್ಳುವುದಕ್ಕೆ. ಮೈಗೆ ಎಣ್ಣೆ ಬಳಿದುಕೊಂಡ ಕಳ್ಳ ಹಿಡಿದವರ ಕೈಯಿಂದ ಜಾರಿಹೋಗುತ್ತಾನಲ್ಲ, ಆ ಲೋಳೆ ಹೊದಿಕೆಯ ಕೆಲಸವೂ ಅದೇ. ರಕ್ತದ ಬಿಳಿಕಣಗಳು ಹಿಡಿಯಲು ಹೋಗುತ್ತವೆ, ಹಿಡಿತಕ್ಕೇ ಸಿಗುವುದಿಲ್ಲ. ಅಂಥವನ್ನು ರಕ್ತದಿಂದ ಸೋಸಿ ತೆಗೆಯುವುದರಲ್ಲಿ ಗುಲ್ಮದ್ದೇ, ಅಂದರೆ ಸ್ಪ್ಲೀನಿನದೇ, ದೊಡ್ಡ ಪಾಲು. ಕಟ್ಟಡದ ಸಾರುವೆಯಿಂದ ಬಿದ್ದಾಗ ನಿನ್ನ ಹೊಟ್ಟೆಯೊಳಗೆ ಒಡೆದದ್ದು, ಕೊಯ್ದು ತೆಗೆದುಹಾಕಿದ್ದು ಅದನ್ನೇ. ಬೇರೆಯವರಲ್ಲಿ ನಾಲ್ಕು ದಿನ ಹಿಡಿದು ಕೆಡುವ ಜ್ವರ ನಿನ್ನಲ್ಲಿ ಒಂದೇ ದಿನದಲ್ಲಿ ಕೈಮೀರಬಹುದು, ಮರಿ. ಒಂದು ದಿನ ಎಂದರೆ ಏನೆಂದು ಬಿಡಿಸಿ ಬರೆಯಲು ನನ್ನ ಕೈ ಏಳುತ್ತಿಲ್ಲ.

ನಮ್ಮ ಲ್ಯಾಬಿನಲ್ಲಿ ಒಂದು ಮಾತಿದೆ. ಕಫವನ್ನು ರಕ್ತ ಬೆರೆಸಿದ ಜೆಲ್ಲಿಯ ತಟ್ಟೆಗೆ ಸವರಿ ಬೆಚ್ಚಗಿಟ್ಟರೆ ಮಾರನೆಯ ದಿನ ಚುಕ್ಕೆಗಳೇಳುತ್ತವೆ. ಹೊದಿಕೆ ದಪ್ಪವಿದ್ದರೆ ಆ ಚುಕ್ಕೆ ಒದ್ದೆಯಾಗಿ ಉಬ್ಬಿ ಹೊಳೆಯುತ್ತದೆ, ತಂತಿ ತಾಗಿಸಿ ಎತ್ತಿದರೆ ಅಂಟಿಕೊಂಡು ಬರುತ್ತದೆ. ಅದಕ್ಕೆ ನಾವು ‘ಪಾಕ ಬಂದಿದೆ’ ಎನ್ನುತ್ತೇವೆ. ನಮ್ಮ ಡಾಕ್ಟರ್ ಮೇಡಂ ಗದರುತ್ತಲೇ ಇರುತ್ತಾರೆ, ಇದು ಅಡುಗೆಮನೆ ಅಲ್ಲ ಎಂದು. ನಾನು ಈ ಮಾತನ್ನು ಮನೆಗೂ ತಂದು ನಿನಗೂ ಅಂಟಿಸಿದೆ. ಕಳೆದ ವಾರದ ಕಾಗದದಲ್ಲಿ ನಿನ್ನ ಮೇಲಿನ ಮಂಚದ ಪೇಂಟರ್ ಬಗ್ಗೆ ಬರೆದಿದ್ದೆಯಲ್ಲ: “ಅಕ್ಕಾ, ಇವನ ಕಫ ಪಾಕಕ್ಕೆ ಬಂದಿದೆ, ಬಣ್ಣ ಮಾತ್ರ ತುಕ್ಕು. ಕಬ್ಬಿಣಕ್ಕೆ ಪೇಂಟ್ ಹೊಡೆದೂ ಹೊಡೆದೂ ಒಳಗೆಲ್ಲ ತುಕ್ಕು ಹಿಡಿದಿದೆ ಪಾಪ.” ಅದನ್ನು ಅಮ್ಮನಿಗೆ ಓದಿ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತುಕ್ಕಿನ ಬಣ್ಣದ ಕಫ ಎಂದರೆ ನ್ಯುಮೋನಿಯಾ ಎಂದು ಹನ್ನೊಂದು ವರ್ಷದಿಂದ ಬಲ್ಲವಳು ನಾನು. ಬೇರೆ ಯಾರೇ ಬರೆದಿದ್ದರೂ ಎದ್ದು ನಿಲ್ಲುತ್ತಿದ್ದೆ. ನಮ್ಮದೇ ಮಾತಿನಲ್ಲಿ ನೀನು ಬರೆದೆಯೆಂದು ತಮಾಷೆಯಾಗಿಯೇ ಓದಿಕೊಂಡೆ.

ನಿನ್ನೆ ಸಂಜೆ ಅವನನ್ನು ಇಲ್ಲಿಗೆ ತಂದರು. ಕಫದ ಡಬ್ಬಿಯ ಮೇಲೆ ನಿಮ್ಮ ಶೆಡ್ಡಿನ ಹೆಸರಿತ್ತು. ತಟ್ಟೆ ಸವರಿದ್ದೂ ನಾನೇ, ಇವತ್ತು ಬೆಳಿಗ್ಗೆ ತೆಗೆದು ನೋಡಿದ್ದೂ ನಾನೇ. ಇಡೀ ತಟ್ಟೆ ಹನಿ ಹನಿಯಾಗಿ ಮಿರುಗುತ್ತಿತ್ತು. ಯಾರೂ ಪಾಕ ಎನ್ನಲಿಲ್ಲ. ನಿಮ್ಮ ಶೆಡ್ಡಿನಲ್ಲಿ ಇಪ್ಪತ್ತೆರಡು ಜನ ಮಲಗುತ್ತೀರಿ, ಕಿಟಕಿ ಒಂದೇ, ಬೇರೆಯವರೆಲ್ಲ ದೂರ ಸರಿದಾಗ ಅವನಿಗೆ ತಿನ್ನಿಸಿ ಕುಡಿಸಿದ್ದು ನೀನೊಬ್ಬನೇ. “ನನಗೇನಾಗತ್ತೆ, ನನ್ನ ಹತ್ರ ಅಕ್ಕ ಬರೆದ ಚುಚ್ಚುಮದ್ದಿನ ಕಾರ್ಡಿದೆ” ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆಯೆಂದೂ ಬರೆದಿದ್ದೆ. ಆ ಸಾಲನ್ನು ಬೆಳಗಿನಿಂದ ಎಷ್ಟು ಸಲ ಓದಿದೆನೋ.

ಇಷ್ಟು ಬರೆಯುವಷ್ಟರಲ್ಲಿ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. ಪೇಂಟರ್‌ನ ವರದಿ ತರಾತುರಿಯಲ್ಲಿ ಕಳಿಸಬೇಕಾಗಿಲ್ಲವಂತೆ, ಇನ್ನು ಅದು ಬೇಕಾಗುವುದಿಲ್ಲವಂತೆ. ನನಗೆ ಭಯವಾಗಿದೆ, ಮರಿ. ಕಾಗದದ ಜೊತೆಗಿರುವ ಪೊಟ್ಟಣದ ಮಾತ್ರೆ ಮೇಡಂ ಬರೆದುಕೊಟ್ಟದ್ದು. ಜ್ವರ ಇರಲಿ ಬಿಡಲಿ, ಓದುತ್ತಿದ್ದ ಹಾಗೆಯೇ ಎರಡು ನುಂಗು. ಕಾರ್ಡು ಇದ್ದರೂ ಬಾ. ಅದೇ ಲಾರಿಯಲ್ಲಿ ಹಿಂತಿರುಗಿ ಬಾ. ಮೇಸ್ತ್ರಿ ಕೂಗಾಡಿದರೆ ಕೂಗಾಡಲಿ.

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಅವಳ ಪರವಾಗಿಯೂ ನನ್ನ ಪರವಾಗಿಯೂ ನಿನ್ನ ತಲೆ ಸವರಿದ್ದೇನೆಂದುಕೋ. ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ. ಕ.: ಲಾರಿ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತಿದೆ. ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಎಂಟು ತಿಂಗಳ ಹಿಂದೆ ನಿನಗೆ ಹಾಕಿದ ಚುಚ್ಚುಮದ್ದಿನಲ್ಲಿ ಆ ಬ್ಯಾಕ್ಟೀರಿಯಾಗಳ ಹೊದಿಕೆಯನ್ನಷ್ಟೇ ಬಿಡಿಸಿ ತುಂಬಿರುತ್ತಾರೆ, ಮೈ ಮೊದಲೇ ಗುರುತು ಹಿಡಿಯಲೆಂದು. ಅವತ್ತು ನಮ್ಮ ಫ್ರಿಜ್ಜು ಕೆಟ್ಟು ವಿಪರೀತ ತಣ್ಣಗಾಗಿ ಸೀಸೆಯೊಳಗಿನ ಮದ್ದು ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ್ದು ಕೆಲಸ ಮಾಡುತ್ತದೆಂದು ನಂಬುವಂತಿಲ್ಲ, ಹಾಕಬಾರದು, ಎಸೆಯಬೇಕು. ಹೊಸದು ಬರಲು ಮೂರು ವಾರ ಬೇಕಿತ್ತು, ಕಾರ್ಡಿಲ್ಲದೆ ಮಾರನೆಯ ದಿನ ನಿನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ನೀನು ಹೊರಗೆ ಬೆಂಚಿನ ಮೇಲೆ ಕೂತು ಶಿಳ್ಳೆ ಹಾಕುತ್ತಿದ್ದೆ. ಸೀಸೆಯನ್ನು ಅಂಗೈಯಲ್ಲಿ ಉಜ್ಜಿ ಕರಗಿಸಿ ನಿನ್ನ ತೋಳಿಗೆ ಹಾಕಿದೆ; ರಜೆಗೆ ಬಂದಾಗ ಇನ್ನೊಂದು ಹಾಕಿದರಾಯಿತು ಎಂದುಕೊಂಡೆ. ನೀನು ರಜೆ ಹಾಕಲಿಲ್ಲ, ನಾನು ನೆನಪಿಸಲಿಲ್ಲ. ಮೇಡಂಗೆ ಈಗಷ್ಟೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ನಿನಗೊಂದು ಮಂಚ ಖಾಲಿ ಇಡಲು ವಾರ್ಡಿಗೆ ಫೋನ್ ಮಾಡಿದರು. ದಾರಿಯಲ್ಲಿ ಜ್ವರ ಏರಿ ಬೇರೆ ಯಾವ ಆಸ್ಪತ್ರೆಗೆ ಹೋಗಬೇಕಾದರೂ ಗುಲ್ಮ ಇಲ್ಲ, ಚುಚ್ಚುಮದ್ದೂ ಆಗಿಲ್ಲ ಎಂದೇ ಹೇಳು. ಕಾರ್ಡಿನಲ್ಲಿ ಸಹಿ ಇದೆಯಲ್ಲ ಎಂದು ಅವರು ಕೇಳಿದರೆ, ನನ್ನ ಅಕ್ಕ ಸುಳ್ಳು ಬರೆದಿದ್ದಾಳೆ ಎಂದು ಹೇಳು.