ಗಂಗಿಗೆ ಸುಸ್ತಾಗಿರಲಿಲ್ಲ

ನರಸಿಂಹರಾಜಪುರ
೧೯ ನವೆಂಬರ್ ೨೦೦೭

ಪಿಚಿಂಗ್ ರಾಣಿ ಶ್ರೀಮತಿ ಸೌಂದರ್ಯಾ ಅವರ ಸನ್ನಿಧಾನಕ್ಕೆ,

ಆಮಂತ್ರಣ ಪತ್ರಿಕೆಯಲ್ಲಿ ನಿನ್ನ ಹೆಸರಿನ ಹಿಂದೆ ಹೀಗೇ ಅಚ್ಚಾಗಿದೆ. ಅದಕ್ಕೇ ನಾನೂ ಹಾಗೇ ಬರೆದೆ. ಇನ್ನು ಮುಂದೆ ಬರೆಯಲಾರೆ, ಪೆನ್ನಿಗೂ ನಗು ಬರುತ್ತಿದೆ. ನನಗೆ ನೀನು ಸೌಂದಿಯೇ.

ನಿನ್ನ ಕಾಗದ ತಲುಪಿತು, ಜೊತೆಗಿಟ್ಟ ಪೇಪರ್ ಕಟಿಂಗೂ ತಲುಪಿತು. ನಮ್ಮ ಹೈಸ್ಕೂಲಿನ ಸುವರ್ಣ ಮಹೋತ್ಸವಕ್ಕೆ ನಾನು ಕೊಪ್ಪಕ್ಕೆ ಬರಬೇಕು. ವೇದಿಕೆ ಹತ್ತಿ, ಸಾಫ್ಟ್‌ಬಾಲ್ ಫೈನಲ್ಲಿನಲ್ಲಿ ನೀನು ಹೇಗೆ ಎಸೆದೆ ಅಂತ ಹಳೆಯ ಗೆಳತಿಯಾಗಿ ನಾಲ್ಕು ಮಾತು ಆಡಬೇಕು. ಆಮೇಲೆ ನಿನಗೆ ಶಾಲು ಹೊದಿಸುತ್ತಾರೆ. ಇಷ್ಟೇ ತಾನೇ? ಶಾಲಿನ ಇನ್ನೊಂದು ತುದಿ ಹಿಡಿಯಲು ಕೊಪ್ಪದಲ್ಲಿ ಬೇರೆ ಯಾರೂ ಸಿಗಲಿಲ್ಲವೇ?

ಭಾನುವಾರದ ಪುರವಣಿಯಲ್ಲಿ ಬಂದ ನಿನ್ನ ಬಾಲ್ಯದ ನೆನಪುಗಳನ್ನು ನಮ್ಮ ಹಿಟ್ಟಿನ ಮಿಲ್ಲಿನಲ್ಲಿ ಕೂತು ಓದಿದೆ. ಮೆಣಸಿನಕಾಯಿ ಪುಡಿ ಮಾಡಿಸಲು ಬಂದವರು ಕಾಯುತ್ತಿದ್ದರು, ಕಾಯಲಿ ಅಂತ ಪೂರ್ತಿ ಓದಿದೆ. ಚೆನ್ನಾಗಿ ಬರೆಯುತ್ತೀ. ನಿನ್ನ ಕೈಯಿಂದ ಚೆಂಡು ಮಿಂಚಿನಂತೆ ಹೊರಟಿತಂತೆ, ಬಿರುಗಾಳಿಯಂತೆ ಬೀಸಿತಂತೆ, ಸಿಡಿಲಿನಂತೆ ಎರಗಿತಂತೆ. ನೀನು ಎಸೆದ ನಾಲ್ಕಾರು ಚೆಂಡಿಗೆ ಅಷ್ಟೊಂದು ಹವಾಮಾನ! ಅದೆಲ್ಲ ಬೇಕಾದರೆ ಇರಲಿ. ಆ ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. "ಕೊನೆಯ ಇನ್ನಿಂಗ್ಸಿನಲ್ಲಿ ಗೆಳತಿ ಗಂಗಾ ಸುಸ್ತಾಗಿ ಚೆಂಡನ್ನು ನನ್ನ ಕೈಗಿತ್ತಳು."

ಸುಸ್ತಾಗಿ.

ನನ್ನ ಮಗಳು ನಿಶ್ಚಿತಾ ಐದನೇ ಕ್ಲಾಸು. ನನಗಿಂತ ಮುಂಚೆ ಅವಳೇ ಅದನ್ನು ಓದಿ, ಮಿಲ್ಲಿಗೆ ಬಂದು ಕೇಳಿದಳು, "ಅಮ್ಮಾ, ಇದ್ರಲ್ಲಿರೋ ಗಂಗಾ ನೀನೇನಾ? ಸುಸ್ತಾಯ್ತು ಅಂತ ಅರ್ಧಕ್ಕೇ ಬಿಟ್ಯಾ?" ದಿನವಿಡೀ ಜೋಳದ ಮೂಟೆ ಎತ್ತುವ ಅಮ್ಮನನ್ನು ಅವಳು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಹೇಳಬೇಕಾದ್ದನ್ನು ನಿನಗೇ ಬರೆಯುತ್ತಿದ್ದೇನೆ.

ನೆನಪಿನ ಮೇಲೆ ನಿನಗೆ ಅಷ್ಟು ಪ್ರೀತಿಯಿದ್ದರೆ ಸರಿಯಾಗಿ ನೆನೆಸಿಕೊ. ಆ ಆಟವನ್ನು ನಮ್ಮೂರಿಗೆ ತಂದವರು ಪಿ.ಟಿ. ಮೇಷ್ಟ್ರು ಬೈರಪ್ಪನವರು. ಊರವರು ಅದನ್ನು ಹುಡುಗಿಯರ ಕ್ರಿಕೆಟ್ ಅಂತ ಆಡಿಕೊಳ್ಳುತ್ತಿದ್ದರು. ತೋಳನ್ನು ಗಿರಕಿ ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಬಿಡಬೇಕು. ಬ್ಯಾಟು ಹಿಡಿದವಳು ಮೂರು ಸಲ ತಪ್ಪಿದರೆ ಔಟು. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು, ಹೀಗೆ ಏಳು ಇನ್ನಿಂಗ್ಸು. ನಾನು ಎಸೆಯುವವಳು, ಅಂದರೆ ಪಿಚರ್, ನೀನು ಬ್ಯಾಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವಳು. ನರಸಿಂಹರಾಜಪುರದವರನ್ನು ಸೆಮಿಫೈನಲ್ಲಿನಲ್ಲಿ ಮುಗಿಸಿದ್ದು ಯಾರ ತೋಳು ಅಂತ ಊದಿಕೊಂಡ ನಿನ್ನ ಅಂಗೈಯನ್ನೇ ಕೇಳು. ಮನೆಗೆ ಹೋಗುವ ದಾರಿಯುದ್ದಕ್ಕೂ ನೀನು ಅಳುತ್ತಿದ್ದೆ. ನಾನು ನಲ್ಲಿಯ ಕೆಳಗೆ ನಿನ್ನ ಕೈ ಹಿಡಿದು ನಿಂತಿದ್ದೆ.

ಫೈನಲ್ ಶೃಂಗೇರಿಯವರ ಮೇಲೆ, ನಮ್ಮದೇ ಮೈದಾನದಲ್ಲಿ. ಅಂದು ಮೊದಲ ಸಲ ನಮಗೆ ಲಂಗದ ಬದಲು ನಿಕ್ಕರು ಕೊಟ್ಟರು. ನಾನು ಶೆಟ್ಟಿಕೊಪ್ಪದಿಂದ ಬಂದು ಕೊಪ್ಪದಲ್ಲಿ ಚಿಕ್ಕಪ್ಪ ಪರಮಶಿವಯ್ಯನವರ ಮನೆಯಲ್ಲಿ ಓದುತ್ತಿದ್ದವಳು. ಆಟದ ವಿಷಯವೇ ಅವರಿಗೆ ಸೇರುತ್ತಿರಲಿಲ್ಲ, ಇನ್ನು ನಿಕ್ಕರಿನ ವಿಷಯ ಯಾರು ಹೇಳುತ್ತಾರೆ? ಅವರು ಜವಳಿ ಅಂಗಡಿಯಿಂದ ಸಂಜೆವರೆಗೆ ಏಳುವವರಲ್ಲ. ಆ ಧೈರ್ಯದ ಮೇಲೆ ಹೊರಟಿದ್ದೆ.

ಅವತ್ತಿನ ನನ್ನ ಚೆಂಡಿನ ಬಗ್ಗೆ ನಾನು ಹೊಗಳಿಕೊಳ್ಳುವುದಿಲ್ಲ, ಹೊಗಳಿಕೊಳ್ಳುವ ಕಲೆ ನಿನ್ನದು. ಶೃಂಗೇರಿ ತಂಡದ ಕ್ಯಾಪ್ಟನ್, ಅಡ್ಡಗದ್ದೆಯ ಅನ್ನಮ್ಮ, ಔಟಾಗಿ ಹೋಗುವಾಗ ನನ್ನ ಹತ್ತಿರ ನಿಂತು, "ಮಾರಾಯ್ತಿ, ನಿನ್ ಬಾಲು ನಂಗೆ ಕಂಡ್ರೆ ಅಲ್ವಾ ಹೊಡೆಯೋದು!" ಅಂದಳು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ನನಗೆ ಇವತ್ತಿನವರೆಗೆ ಯಾರಿಂದಲೂ ಬಂದಿಲ್ಲ.

ಕೊನೆಯ ಇನ್ನಿಂಗ್ಸು. ನಾವು ತುಂಬಾ ಮುಂದಿದ್ದೆವು, ಶೃಂಗೇರಿಯವರು ಒಂದು ರನ್ನೂ ಮಾಡಿರಲಿಲ್ಲ. ಇನ್ನಿಬ್ಬರು ಔಟಾದರೆ ಕಪ್ಪು ನಮ್ಮದು. ನಾನು ತೋಳು ಎತ್ತಿದ್ದೆ. ಅಷ್ಟರಲ್ಲಿ ಚಿಕ್ಕಪ್ಪ ಚಪ್ಪಲಿ ಸಹಿತ ಮೈದಾನದ ನಡುವೆಯೇ ನಡೆದು ಬಂದರು. "ಏಯ್ ಗಂಗಿ, ನಡಿ ಮನೆಗೆ. ಬತ್ತಲೆ ಕಾಲು ತೋರ್ಸಿದ್ದು ಸಾಕು."

ಬೈರಪ್ಪ ಮೇಷ್ಟ್ರು ಓಡಿ ಬಂದು, "ಒಂದ್ ಐದ್ ನಿಮಿಷ ಬಿಡಿ ಯಜಮಾನ್ರೇ, ಮುಗ್ದೇ ಹೋಯ್ತು" ಅಂದರು. ಚಿಕ್ಕಪ್ಪ, "ಮುಗ್ಸಿದ್ದು ನೀವೇ, ನಮ್ಮನೆ ಮರ್ಯಾದಿನ" ಅಂದವರೇ ನನ್ನ ಜಡೆ ಹಿಡಿದರು. ಇಡೀ ಮೈದಾನ ನಕ್ಕಿತು. ಯಾರೋ ಸಿಳ್ಳೆ ಹಾಕಿದರು. ಕಾಂಪೌಂಡಿನ ಮೇಲೆ ಕೂತು ಹೆಚ್ಚು ನಕ್ಕವನು ನಮ್ಮ ಕ್ಲಾಸಿನ ತಿಮ್ಮಪ್ಪ. ಅವನು ಈಗ ಕೊಪ್ಪದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಸೌಂದರ್ಯಾ ಎಸೆದ ಚೆಂಡಿನ ಸದ್ದು ತನ್ನ ಕಿವಿಯಲ್ಲಿ ಇನ್ನೂ ಇದೆ ಅಂತ ಕಣ್ಣು ಒದ್ದೆ ಮಾಡಿಕೊಳ್ಳುತ್ತಾನಂತೆ. ಇಂಥವರು ನಿನ್ನ ಅಭಿಮಾನಿಗಳು. ಬಾಲ್ಯದಲ್ಲಿ ಕಂಡದ್ದು ಒಂದು, ನಡುವಯಸ್ಸಿನಲ್ಲಿ ನೆನಪಾಗುವುದು ಇನ್ನೊಂದು. ಯಾರು ಗೆದ್ದ ಫೋಟೋದಲ್ಲಿ ಇದ್ದಾರೋ ಅವರೇ ಎಸೆದವರು.

ಆ ಫೋಟೋ ತೆಗೆಯುವ ಹೊತ್ತಿಗೆ ನಾನು ಚಿಕ್ಕಪ್ಪನ ಮನೆಯ ಹಿತ್ತಿಲ ಕೋಣೆಯಲ್ಲಿದ್ದೆ. ಹೊರಗಿನಿಂದ ಚಿಲಕ ಹಾಕಿತ್ತು. ಮೈದಾನದ ಕೂಗು ಅಲ್ಲಿವರೆಗೂ ಕೇಳಿತು. ನಿನ್ನ ಚೆಂಡಿಗೆ ಒಬ್ಬಳು ತಾನೇ ಎಡವಟ್ಟು ಮಾಡಿಕೊಂಡು ಔಟಾದಳು, ಇನ್ನೊಬ್ಬಳು ಎತ್ತಿ ಹೊಡೆದದ್ದನ್ನು ನಮ್ಮ ತಂಡದ ನಯನ ಬೇಲಿಯವರೆಗೆ ಓಡಿ ಹಿಡಿದಳು. ಇದನ್ನು ನಯನಳೇ ನನಗೆ ಹೇಳಿದ್ದು. ನಿನ್ನ ಲೇಖನದಲ್ಲಿ ಪಾಪ ಅವಳ ಹೆಸರೂ ಇಲ್ಲ.

ಚೆಂಡನ್ನು ನಿನ್ನ ಕೈಗಿತ್ತದ್ದು ನಿಜ. ಜಡೆ ಎಳೆಯುತ್ತಿರುವಾಗಲೂ ನೆಲಕ್ಕೆ ಬಿಸಾಡಲು ಮನಸ್ಸಾಗದೆ ನಿನ್ನ ಗ್ಲೌಸಿನೊಳಗೆ ಇಟ್ಟೆ. ಆಗ ನೀನು ನನ್ನ ಮುಖ ನೋಡಲಿಲ್ಲ, ಚೆಂಡನ್ನು ನೋಡಿದೆ. ಹೆದರಿದ್ದಾಳೆ ಪಾಪ ಅಂತ ನಾನು ಅಂದುಕೊಂಡೆ.

ಹೋದ ವರ್ಷ ಚಿಕ್ಕಮ್ಮ ಶೇಷಮ್ಮ ನಮ್ಮಲ್ಲಿಗೆ ಬಂದಿದ್ದರು. ಹರಟುತ್ತ ಕೂತಾಗ ಆ ದಿನದ ಮಾತು ಬಂತು. ಚಿಕ್ಕಪ್ಪನಿಗೆ ಯಾರು ಹೇಳಿದ್ದು ಅಂತ ಕೇಳಿದೆ. ಚಿಕ್ಕಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಅಯ್ಯೋ, ನಿಂಗೊತ್ತಿಲ್ವೇನೇ? ನಿನ್ ಜೊತೆಗಾತಿ ಸೌಂದಿನೇ ಅವತ್ತು ಬೆಳಿಗ್ಗೆ ಅಂಗಡಿಗೆ ಬಂದು ಹೇಳಿ ಹೋದ್ಲಂತೆ. ಕೊನೇಲಿ ಜನ ಜಾಸ್ತಿ ಸೇರ್ತಾರೆ ಯಜಮಾನ್ರೇ, ಆವಾಗ ಬಂದ್ ನೋಡಿ ಅಂತ."

ಕೊನೆಯಲ್ಲಿ ಬನ್ನಿ. ಅಂದರೆ ಪಂದ್ಯ ಗೆಲ್ಲಿಸುವ ಕೆಲಸ ನಾನು ಮಾಡಬೇಕು, ಮುಗಿಸುವ ಕೆಲಸ ನಿನ್ನದು. ಹದಿನಾಲ್ಕು ವರ್ಷದ ಹುಡುಗಿಯ ತಲೆಗೆ ಅಷ್ಟು ಹೊಳೆಯಿತಲ್ಲ, ಅದಕ್ಕೊಂದು ಶಾಲು ಹೊದಿಸಲೇಬೇಕು.

ನಿನ್ನ ಮದುವೆಗೆ ಬಂದು ಕುಕ್ಕರ್ ಕೊಟ್ಟು ಹೋದವಳು ನಾನು. ನಿನ್ನ ಮಗುವಿಗೆ ಜ್ವರ ಬಂದಾಗ ಶಿವಮೊಗ್ಗದ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತವಳು ನಾನು. ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದೆವಲ್ಲ, ಒಂದು ಮಾತು ಬರಲಿಲ್ಲವೇ ಬಾಯಿಗೆ?

ಆ ಪಂದ್ಯದ ನಂತರ ಚಿಕ್ಕಪ್ಪ ನನ್ನನ್ನು ಮೈದಾನದ ಕಡೆಗೆ ಬಿಡಲಿಲ್ಲ. ಜಿಲ್ಲಾ ತಂಡಕ್ಕೆ ಆಯ್ಕೆಯಾದವರಲ್ಲಿ ನನ್ನ ಹೆಸರಿತ್ತು, ಹೋದವಳು ನೀನು. ಇದನ್ನೆಲ್ಲ ಚಿಕ್ಕಪ್ಪನ ಲೆಕ್ಕಕ್ಕೆ ಬರೆದು ಇಷ್ಟು ವರ್ಷ ಅವರನ್ನು ದ್ವೇಷಿಸಿದೆ. ಅವರದು ಮೊಂಡುತನ, ಕಣ್ಣೆದುರಿಗೆ ಬಂದು ಜಡೆ ಹಿಡಿದರು. ನಿನ್ನದನ್ನು ಏನೆಂದು ಕರೆಯಲಿ?

ನಿನಗೆ ಎಸೆಯುವ ಆಸೆಯಿತ್ತು. ಅದು ತಪ್ಪಲ್ಲ. ಬೆಳಗಿಂದ ಸಂಜೆವರೆಗೆ ಇನ್ನೊಬ್ಬರ ಚೆಂಡು ಹಿಡಿಯುವುದು ಯಾರಿಗೆ ತಾನೇ ಇಷ್ಟ? ಆದರೆ ಸೌಂದಿ, ನಾವು ಅಷ್ಟು ಮುಂದಿದ್ದೆವು. ಕೊನೆಯ ಇನ್ನಿಂಗ್ಸು ನಾನು ಹಾಕುತ್ತೇನೆ ಅಂತ ನೀನು ಕೇಳಿದ್ದರೆ ಕೊಡುತ್ತಿದ್ದೆ. ಗ್ಲೌಸು ಹಾಕಿಕೊಂಡು ನಾನೇ ಹಿಂದೆ ಕೂರುತ್ತಿದ್ದೆ.

ಆದ್ದರಿಂದ ನಾಲ್ಕು ಮಾತು ಆಡಲು ನಾನು ವೇದಿಕೆ ಹತ್ತುವುದಿಲ್ಲ. ಶಾಲು ನೀನೇ ಹೊದ್ದುಕೊ, ಹಾರ ನೀನೇ ಹಾಕಿಸಿಕೊ. ತಿಮ್ಮಪ್ಪ ಅಳಲಿ, ಅವನಿಗೆ ಬೇರೆ ಕೆಲಸವಿಲ್ಲ. ನಿನಗೆ ಉಳಿದಿರುವ ಕೆಲಸ ಒಂದೇ, ಮೈಕಿನ ಮುಂದೆ ನಿಂತು ಆ "ಸುಸ್ತಾಗಿ" ಎಂಬ ಮಾತನ್ನು ತಿದ್ದುವುದು. ನಿನ್ನಿಂದ ಆಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಇವರು, ಅಂದರೆ ರೇಣುಕಪ್ಪ, ನಿನ್ನ ಮನೆಯವರ ಕ್ಷೇಮ ಕೇಳಿದ್ದಾರೆ.

ಇಂತಿ,
ನಿನ್ನ ಒಂದು ಸಾಲಿನ ಗೆಳತಿ
ಗಂಗಾಂಬಿಕೆ

ವಿ.ಸೂ.: ಸಮಾರಂಭದ ಮರುದಿನ ಕೊಪ್ಪ ಮತ್ತು ಶೃಂಗೇರಿಯ ಹಳೆಯ ಆಟಗಾರ್ತಿಯರ ಪ್ರದರ್ಶನ ಪಂದ್ಯ ಇದೆಯಲ್ಲ, ಅದಕ್ಕೆ ಬರುತ್ತೇನೆ. ಅನ್ನಮ್ಮ ಫೋನ್ ಮಾಡಿದ್ದಳು. ಅವರ ಪಿಚರ್‌ಗೆ ಮಂಡಿ ನೋವಂತೆ, ಶೃಂಗೇರಿ ಪರವಾಗಿ ನೀನು ಎಸೆಯುತ್ತೀಯಾ ಅಂದಳು. ಒಪ್ಪಿಕೊಂಡಿದ್ದೇನೆ. ಚೌತಿ ಕಳೆದಾಗಿನಿಂದ ದಿನಾ ಸಂಜೆ ಮಿಲ್ಲಿನ ಹಿಂದಿನ ಗೋಡೆಗೆ ಎಸೆಯುತ್ತಿದ್ದೇನೆ, ಗಾರೆ ಉದುರುತ್ತಿದೆ ಅಂತ ಇವರು ಬೈಯುತ್ತಾರೆ. ಕೊಪ್ಪದ ಕಡೆಯಿಂದ ಮೊದಲು ಬ್ಯಾಟು ಹಿಡಿಯುವವಳು ನೀನೇ ಅಂತ ಕೇಳಿದೆ. ನಿಶ್ಚಿತಾಳನ್ನೂ ಕರೆದುಕೊಂಡು ಬರುತ್ತೇನೆ, ಬೇಲಿಯ ಹತ್ತಿರ ನಿಂತು ನೋಡಲಿ.